ಮರಳಿ ಒಳಗೆ ಹೋಗುವ ಹನಿ

ಮಾರ್ಚ್ 3, ಬೆಳಿಗ್ಗೆ 7

ಪತ್ರಿಕೆಯಲ್ಲಿ ಇವತ್ತು ಹನ್ನೊಂದು ತಪ್ಪು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕಕ್ಕಿಟ್ಟೆ. ಕರಡು ತಿದ್ದುವ ಕೆಲಸದಿಂದ ನಿವೃತ್ತನಾಗಿ ಒಂಬತ್ತು ವರ್ಷ. ಕೈ ಇನ್ನೂ ನಿವೃತ್ತವಾಗಿಲ್ಲ. ಎರಡನೇ ಪುಟದಲ್ಲಿ ಸಚಿವರೊಬ್ಬರು “ಇಂಥದ್ದು ಹಿಂದೆಂದೂ ಆಗಿಲ್ಲ” ಎಂದಿದ್ದಾರೆ. ಆಗಿದೆ. ಮೂವತ್ತನಾಲ್ಕು ವರ್ಷದ ಹಿಂದೆ, ಇದೇ ತಿಂಗಳು, ಇದೇ ಇಲಾಖೆ. ಸಂಪಾದಕರಿಗೆ ಪತ್ರ ಬರೆಯಬೇಕು.

ಕೆಳಗೆ ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸುವ ಸದ್ದು ಶುರುವಾಗಿದೆ. ಅಪ್ಪ ಕಟ್ಟಿದ್ದು, ಈಗ ತಂಗಿ ನಡೆಸುತ್ತಾಳೆ. ಎಣ್ಣೆ ಡಬ್ಬಿ, ಲಾಳಿಕೆ, ಅಳತೆ ಪಾತ್ರೆ. “ಯಾರಾದ್ರೂ ಆ ರಿವೆಟ್ ಡಬ್ಬಿ ಇಳಿಸ್ರೋ” ಅಂತ ಕೂಗುತ್ತಿದ್ದಾಳೆ. ಅರವತ್ತು ವರ್ಷದಿಂದ ಇದೇ ಸದ್ದು. ಇದಿಲ್ಲದ ದಿನ ನನಗೆ ಓದಲು ಬರುವುದಿಲ್ಲ.

ಅದೇ ದಿನ, 11.30

ರಿಜಿಸ್ಟರ್ಡ್ ಪೋಸ್ಟ್. ತಂಗಿ ಮೆಟ್ಟಿಲ ಕೆಳಗೇ ನಿಂತು ಲಕೋಟೆ ಎತ್ತಿ ತೋರಿಸಿದಳು. “ಅಣ್ಣಾ, ಓದೋರು ನೀವು ತಾನೇ? ಓದಿ. ನನಗೆ ಮೊದಲನೇ ಸಾಲಿಗೇ ತಲೆ ತಿರುಗ್ತು.”

ಮಾರ್ಚ್ 4, ಮಧ್ಯಾಹ್ನ

ನೋಟಿಸನ್ನು ಮೂರು ಸಲ ಓದಿದೆ. ಆರು ಪುಟದಲ್ಲಿ ತಪ್ಪು ಎರಡೇ. ಒಳ್ಳೆಯ ವಕೀಲರನ್ನೇ ಹಿಡಿದಿದ್ದಾರೆ.

ಸಾರಾಂಶ: ಅಡುಗೆಮನೆ ಸಾಮಾನು ತಯಾರಿಸುವ ದೊಡ್ಡ ಕಂಪನಿ. ಮೂರು ವರ್ಷದ ಹಿಂದೆ “ಕೊನೆಯ ಹನಿಯನ್ನು ಒಳಕ್ಕೆ ಎಳೆದುಕೊಳ್ಳುವ ಮೂತಿ”ಗೆ ಪೇಟೆಂಟ್ ಪಡೆದಿದೆ. ನಮ್ಮ ಡಬ್ಬಿಯ ಮೂತಿ ಅದೇ. ಹದಿನೈದು ದಿನದೊಳಗೆ ಮಾಡುವುದು ನಿಲ್ಲಿಸಬೇಕು, ಅಚ್ಚುಗಳನ್ನು ಒಪ್ಪಿಸಬೇಕು. ಇಲ್ಲದಿದ್ದರೆ ಕೋರ್ಟಿನಿಂದ ತಡೆಯಾಜ್ಞೆ, ಮೇಲೆ ನಷ್ಟಪರಿಹಾರ.

ಆ ಮೂತಿ! ತುದಿಯಿಂದ ಅರ್ಧ ಬೆರಳು ಹಿಂದೆ, ಕೆಳಗಡೆ, ಉಗುರಿನಷ್ಟು ತಗ್ಗು. ಅಷ್ಟೇ. ಎಣ್ಣೆ ಸುರಿದು ಡಬ್ಬಿ ನೆಟ್ಟಗೆ ಮಾಡಿದರೆ ಕಡೆಯ ಹನಿ ತುದಿಯಲ್ಲಿ ನಿಂತು, ಒಂದು ಕ್ಷಣ ನಡುಗಿ, ಹಿಂದಕ್ಕೆ ಜಾರಿ ಒಳಗೆ ಹೋಗುತ್ತದೆ. ಡಬ್ಬಿಯ ಮೈಮೇಲೆ ಒಂದು ಗೆರೆ ಇಳಿಯುವುದಿಲ್ಲ.

ತಂಗಿ ಹೇಳಿದಳು: “ಹತ್ತು ಡಬ್ಬಿ ಮಾರಿದ್ರೆ ಎಂಟು ಅದೇ ಮೂತೀದು. ಅದನ್ನ ನಿಲ್ಲಿಸು ಅಂದ್ರೆ ಬಾಗಿಲು ಹಾಕು ಅಂತ ತಾನೇ?”

ಹೌದು, ಅದೇ ಅರ್ಥ. ನಾನು ಕೂಗಾಡಿದೆ. ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತಂತೆ, ಅಲ್ಲಿಗೆ ಮುಗಿಯದೆ ಗೆದ್ದಲಿಗೇ ನೋಟಿಸ್ ಕೊಟ್ಟಿತಂತೆ ಅಂದೆ. ತಂಗಿ ಕೇಳಿಸಿಕೊಂಡು, “ನಿಮ್ಮ ಕೋಪಾನ ಡಬ್ಬೀಲಿ ತುಂಬಿ ಮಾರೋ ಹಾಗಿದ್ರೆ ನಾವು ಯಾವತ್ತೋ ಉದ್ಧಾರ ಆಗಿರ್ತಿದ್ವಿ ಅಣ್ಣಾ” ಎಂದು ಕೆಳಗೆ ಹೋದಳು.

ಆದರೆ ಆ ಮೂತಿ ಹುಟ್ಟಿದ್ದಕ್ಕೆ ನಾನೇ ಸಾಕ್ಷಿ. ಏಳು ವರ್ಷ ನನಗೆ. ಓದುವ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು “ಅಪ್ಪಾ!” ಎಂದು ಕಿರುಚಿದೆ. ಅಪ್ಪನ ಸುತ್ತಿಗೆ ಜಾರಿತು. ಮೂತಿಗೆ ಏಟು ಬಿತ್ತು. ಬೈಗುಳಕ್ಕೆ ಕಾದೆ. ಅಪ್ಪ ಆ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದ, ಎಣ್ಣೆ ಹಾಕಿ ಸುರಿದ, ಇನ್ನೊಮ್ಮೆ ಸುರಿದ. ನನ್ನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, “ಇದು ನಿನ್ನಿಂದ ಆಗಿದ್ದು ಕಣೋ” ಅಂದ.

ಬದುಕಿನಲ್ಲಿ ನಾನು ಏನನ್ನೂ ಸೃಷ್ಟಿಸಲಿಲ್ಲ. ಬೇರೆಯವರ ತಪ್ಪು ತಿದ್ದಿದೆ. ಆದರೆ ಆ ಒಂದು ತಗ್ಗು ನನ್ನದು.

ಮಾರ್ಚ್ 6, ಸಂಜೆ

ವಕೀಲೆಯ ಕಚೇರಿ. ಆಕೆಗೆ ಮೂವತ್ತೈದು ದಾಟಿಲ್ಲ. ಮೇಜಿನ ಮೇಲೆ ನಮ್ಮ ಡಬ್ಬಿ, ಕಂಪನಿಯ ಡಬ್ಬಿ ಅಕ್ಕಪಕ್ಕ. ಎರಡರಿಂದಲೂ ನೀರು ಸುರಿದು ಸುರಿದು ಫೈಲು ಒದ್ದೆ ಮಾಡಿಕೊಂಡಿದ್ದಳು.

“ಪೇಟೆಂಟ್ ಸಿಗಬೇಕು ಅಂದ್ರೆ ವಿಷಯ ಹೊಸದಾಗಿರಬೇಕು ಸರ್. ಅವರು ಅರ್ಜಿ ಹಾಕೋ ಮೊದಲೇ ಇದು ಲೋಕಕ್ಕೆ ಗೊತ್ತಿತ್ತು ಅಂತ ತೋರಿಸಿದ್ರೆ ಅವರ ಪೇಟೆಂಟ್ ಬಿದ್ದುಹೋಗುತ್ತೆ. ಹಳೇ ಬಿಲ್ಲು, ಜಾಹೀರಾತು, ಕ್ಯಾಟಲಾಗು… ಏನಿದೆ?”

“ನಾನಿದ್ದೀನಿ,” ಅಂದೆ.

“ನೀವು ಸಾಕ್ಷಿ ಹೇಳಬಹುದು. ಆದ್ರೆ ನೀವು ಅವರ ಅಣ್ಣ. ನಿಮ್ಮ ನೆನಪಿಗೆ ಯಾರೂ ಮೊಹರು ಹಾಕಿಲ್ಲ. ಕಾಗದ ಬೇಕು.”

ಬಿಲ್ಲುಗಳಿವೆ. ಎಲ್ಲದರಲ್ಲೂ ಅಪ್ಪನ ಕೈಬರಹ: “ಎಣ್ಣೆ ಡಬ್ಬಿ, ಒಂದು.” ಮೂತಿಯ ಬಗ್ಗೆ ಒಂದಕ್ಷರವಿಲ್ಲ.

ಮಾರ್ಚ್ 7

ಅಫಿಡವಿಟ್‌ಗೆ ಸಹಿ ಮಾಡಿದೆ. “ನನ್ನ ತಂದೆಯವರಿಗಿಂತ ಮೊದಲು ಈ ಮೂತಿಯನ್ನು ಯಾರೂ ಮಾಡಿರಲಿಲ್ಲ” ಎಂಬ ಸಾಲನ್ನು ನಾನೇ ಸೇರಿಸಿದೆ. ವಕೀಲೆ ಪೆನ್ನು ತಡೆದಳು. “‘ಯಾರೂ’ ಅಂತ ನಿಮಗೆ ಹೇಗೆ ಗೊತ್ತು ಸರ್? ‘ನಾನು ಕಂಡಿರಲಿಲ್ಲ’ ಅಂತ ಹಾಕೋಣ.” ನಾನು ಒಪ್ಪಲಿಲ್ಲ. ನನ್ನ ನೆನಪನ್ನು ಪ್ರಶ್ನಿಸುವುದಾದರೆ ಹಿಂದಿನ ಐವತ್ತು ವರ್ಷದ ಯಾವುದಾದರೂ ದಿನ ಕೇಳಿ ಎಂದೆ. ಕೇಳಲಿಲ್ಲ. ನಕ್ಕಳು.

“ಯಾರೂ ಇರಲಿಲ್ಲ ಅನ್ನೋದನ್ನ ಎದುರು ಪಕ್ಷದೋರು ಕೇಳೇ ಕೇಳ್ತಾರೆ,” ಎಂದಳು. ಕೇಳಲಿ. ಪುರಾವೆ ತರುತ್ತೇನೆ.

ಮಾರ್ಚ್ 19, ಬೆಳಿಗ್ಗೆ 10

ಹದಿನೈದು ದಿನದ ಗಡುವು ನಿನ್ನೆಗೆ ಮುಗಿಯಿತು. ಅದನ್ನೂ ಕಾಯದೆ ಕಂಪನಿ ಹೋದ ವಾರವೇ ಕೋರ್ಟಿಗೆ ಹೋಗಿದೆ. ನಮ್ಮ ವಕೀಲೆ ಅವರ ಪೇಟೆಂಟನ್ನೇ ರದ್ದು ಮಾಡಿ ಎಂದು ಪ್ರತಿ ಅರ್ಜಿ ಹಾಕಿದ್ದಾಳೆ. ವಿಚಾರಣೆ ಏಪ್ರಿಲ್ 22.

ನಮ್ಮ ಪತ್ರಿಕೆಯ ನೆಲಮಾಳಿಗೆಗೆ ಹೊರಟಿದ್ದೇನೆ. ಅಪ್ಪನಿಗಿಂತ ಹಿಂದಿನ ಡಬ್ಬಿಗಳ ಜಾಹೀರಾತುಗಳನ್ನೆಲ್ಲ ಹುಡುಕುವುದು. ಒಂದರಲ್ಲೂ ಆ ತಗ್ಗು ಇಲ್ಲವೆಂದು ತೋರಿಸುವುದು.

ಮಾರ್ಚ್ 19, ಸಂಜೆ 6

ಮೂವತ್ತಾರು ವರ್ಷ ಆ ಕಟ್ಟಡದಲ್ಲಿ ದುಡಿದೆ. ನೆಲಮಾಳಿಗೆಗೆ ಇಳಿದದ್ದು ನಾಲ್ಕೋ ಐದೋ ಸಲ. ಇವತ್ತು ಬೆರಗಾಯಿತು. ಗೋಡೆಯಿಂದ ಗೋಡೆಗೆ ಸಂಪುಟಗಳು, ಒಂದೊಂದೂ ಬಾಗಿಲಿನಷ್ಟು ಅಗಲ. ಒಂದೊಂದು ದಿನವನ್ನೂ ಯಾರೋ ಬರೆದಿದ್ದಾರೆ, ಯಾರೋ ಜೋಡಿಸಿದ್ದಾರೆ, ನನ್ನಂಥ ಯಾರೋ ಕಣ್ಣು ಕೆಂಪಾಗುವವರೆಗೆ ತಿದ್ದಿದ್ದಾರೆ. ಮರುದಿನ ಜನ ಅದರಲ್ಲಿ ಚಪ್ಪಲಿ ಸುತ್ತಿಕೊಂಡು ಹೋಗಿದ್ದಾರೆ. ಆದರೂ ಒಂದು ಪ್ರತಿ ಇಲ್ಲಿ ಉಳಿದಿದೆ. ಕೇಳುವವರಿಗಾಗಿ ಅಲ್ಲ. ಉಳಿಯಬೇಕೆಂದು ಉಳಿದಿದೆ.

ಹದಿನಾಲ್ಕು ಜಾಹೀರಾತು ಸಿಕ್ಕವು. ಒಂದರಲ್ಲೂ ತಗ್ಗಿಲ್ಲ. ನಾಳೆ ಇನ್ನೂ ಹಿಂದಕ್ಕೆ.

ಮಾರ್ಚ್ 20, ಸಂಜೆ

ಸಿಕ್ಕಿತು.

ಎಂಬತ್ತನಾಲ್ಕು ವರ್ಷದ ಹಿಂದಿನ ಪತ್ರಿಕೆ. ನಾನು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲು. ಏಳನೇ ಪುಟ, ಕೆಳಗಿನ ಮೂಲೆ. ಬೆರಳುದ್ದದ ಚಿತ್ರ. ದೀಪಕ್ಕೆ ಎಣ್ಣೆ ಹಾಕುವ ಡಬ್ಬಿ. ಮೂತಿಯ ಕೆಳಗೆ, ತುದಿಯಿಂದ ಅರ್ಧ ಬೆರಳು ಹಿಂದೆ…

“ಕಡೆಯ ಹನಿಯೂ ಮನೆಗೇ ಮರಳುತ್ತದೆ. ಪೇಟೆಂಟ್ ಪಡೆದ ಮೂತಿ.” ಕೆಳಗೆ ಒಂದು ಸಂಖ್ಯೆ. ಅಚ್ಚಿನ ತಪ್ಪು ಒಂದೂ ಇಲ್ಲ.

ಫೋಟೊ ತೆಗೆದುಕೊಂಡೆ. ಮನೆಗೆ ಬಂದು ಪುಸ್ತಕವೊಂದರ ಒಳಗೆ ಫೋನು ಇಟ್ಟೆ. ಯಾಕೆ ಹಾಗೆ ಇಟ್ಟೆನೋ ತಿಳಿಯದು. ಊಟಕ್ಕೆ ಕರೆದಾಗ ಹಸಿವಿಲ್ಲ ಅಂದೆ.

ಮಾರ್ಚ್ 24

ನಾಲ್ಕು ದಿನ ಬರೆದಿಲ್ಲ. ಪತ್ರಿಕೆ ಓದಿಲ್ಲ.

ಈ ಒಂದು ಪುಟ ಸಾಕು. ಕಂಪನಿಯ ಪೇಟೆಂಟ್ ಬೀಳುತ್ತದೆ. ವರ್ಕ್‌ಶಾಪ್ ಉಳಿಯುತ್ತದೆ. ಅದೇ ಪುಟ ಹೇಳುತ್ತದೆ: ನಿನ್ನ ಅಪ್ಪ ಕಂಡುಹಿಡಿಯಲಿಲ್ಲ. ನಿನ್ನ ಕೂಗಿನಿಂದ ಏನೂ ಹುಟ್ಟಲಿಲ್ಲ. ನೀನು ಪ್ರಮಾಣ ಮಾಡಿ ಸುಳ್ಳು ಹೇಳಿದ್ದೀಯ.

ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಅನ್ನುತ್ತಾರೆ. ನನ್ನ ಗಾಣ ನಾನೇ ಮುರಿದುಕೊಂಡೆ. “ಯಾರೂ” ಎಂಬ ಒಂದು ಮಾತಿನಿಂದ. ಸಚಿವರು ಹೇಳಿದ್ದೂ ಅದೇ ತಾನೇ? ಅವರಿಗೆ ಕೆಂಪು ಸುತ್ತು ಹಾಕಿದೆ. ನನಗೆ ಯಾರು ಹಾಕುತ್ತಾರೆ?

ಹುತ್ತದ ಮಾತೂ ನೆನಪಾಗುತ್ತಿದೆ. ಹಾಗಾದರೆ ನಾವೂ ಹಾವೇ ಏನು?

ಮಾರ್ಚ್ 26, ಮಧ್ಯಾಹ್ನ 3

ಬೆಸುಗೆಜ್ಜನಿಗೆ ತೋರಿಸಿದೆ. ಅಪ್ಪನ ಕಾಲದಿಂದ ಇರುವವನು ಅವನೊಬ್ಬನೇ. ಎಂಬತ್ತೆರಡು. ಈಗ ಬೆಸುಗೆ ಹಾಕುವುದಿಲ್ಲ. ಬಂದು ಕೂತು ಹಾಕುವವರನ್ನು ಬೈಯುತ್ತಾನೆ. ನನ್ನನ್ನು ಚಿಕ್ಕಂದಿನಿಂದ ಕರೆಯುವುದು ‘ಪುಸ್ತಕ’ ಎಂದು.

ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಆಶ್ಚರ್ಯಪಡಲಿಲ್ಲ. ಅದೇ ನನಗೆ ಆಶ್ಚರ್ಯ.

“ಇದೇ ಡಬ್ಬಿ ಕಣೋ ಪುಸ್ತಕ. ಯಾರೋ ತೂತಾಗಿದೆ ಅಂತ ರಿಪೇರಿಗೆ ತಂದುಕೊಟ್ರು. ತಗೊಂಡು ಹೋಗೋಕೆ ಬರಲೇ ಇಲ್ಲ. ನಿಮ್ಮಪ್ಪ ಅದರ ಮೂತಿ ನೋಡಿ ಹುಚ್ಚು ಹಿಡಿದೋನ ಥರ ಆದ. ಆರು ತಿಂಗಳು. ತಗ್ಗು ಹೊಡೆಯೋದು, ಸುರಿಯೋದು, ಬಿಸಾಡೋದು. ಆಳ ಕಮ್ಮಿ ಆದ್ರೆ ಸೋರುತ್ತೆ, ಜಾಸ್ತಿ ಆದ್ರೆ ಎಣ್ಣೆ ಬರೋದೇ ಇಲ್ಲ. ಆ ತಗಡಿಗೂ ನಮ್ಮ ತಗಡಿಗೂ ದಪ್ಪ ಬೇರೆ. ನೂರಕ್ಕೆ ಮೇಲೆ ಮೂತಿ ಹಾಳು ಮಾಡಿದ.”

“ಹಾಗಾದ್ರೆ ಆವತ್ತು ಸುತ್ತಿಗೆ ಜಾರಿದ್ದು?”

“ಜಾರಿತು. ನಿಜವಾಗ್ಲೂ ಜಾರಿತು. ನೀನು ಕಿರುಚಿದ್ದು ಏನು ಕಮ್ಮೀನಾ? ನನ್ನ ಕೈಲಿದ್ದ ಬೆಸುಗೆ ಕಡ್ಡೀನೂ ಬಿತ್ತು. ಆರು ತಿಂಗಳು ಬಾರದ ಆಳ ಆ ಜಾರಿದ ಏಟಿಗೆ ಬಂತು. ನಿಮ್ಮಪ್ಪ ಸುಳ್ಳು ಹೇಳಲಿಲ್ಲ. ನಿನ್ನಿಂದ ಆಗಿದ್ದು ಅಂದ. ಮೊದಲು ಮಾಡಿದ್ದು ನಾನು ಅಂತ ಯಾವತ್ತಾದ್ರೂ ಅಂದಿದ್ನಾ? ಅದು ನೀನು ಕಟ್ಟಿಕೊಂಡಿದ್ದು.”

ಫೋನು ತೆಗೆದುಕೊಂಡು ಆ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಕೇಳಿದೆ: “ಅಂದ್ರೆ ಕದ್ದ ಹಾಗಾಯ್ತಲ್ಲ ಅಜ್ಜ?”

“ಕದ್ರೆ ಯಾರ ಮನೇಲಾದ್ರೂ ಕಮ್ಮಿಯಾಗ್ಬೇಕು. ಯಾರ ಮನೇಲಿ ಕಮ್ಮಿಯಾಯ್ತು ಹೇಳು?” ಎಂದು ತಲೆ ಎತ್ತಿ ಮೇಲಿನ ಹಲಗೆ ತೋರಿಸಿದ. “ನೋಡು, ಕೂತಿದೆ ಅಲ್ಲೇ.”

ರಿವೆಟ್ ಡಬ್ಬಿ.

ತಂಗಿ ದಿನಾ ಇಳಿಸಿ ಎಂದು ಕೂಗುವುದು ಇದನ್ನೇ. ಸ್ಟೂಲು ಹತ್ತಿ ಇಳಿಸಿದೆ. ಅರವತ್ತೆರಡು ವರ್ಷ ಕಣ್ಣೆದುರು ಇತ್ತು. ಮಸಿ, ಜಿಡ್ಡು, ಒಳಗೆ ರಿವೆಟ್ಟು. ಮೂತಿಯ ಕೆಳಗೆ ಬೆರಳಾಡಿಸಿದೆ. ಉಗುರಿನಷ್ಟು ತಗ್ಗು. ತಳ ಉಜ್ಜಿದರೆ ಹಿತ್ತಾಳೆಯ ಪಟ್ಟಿ. ಪಟ್ಟಿಯ ಮೇಲೆ ಸಂಖ್ಯೆ. ಜಾಹೀರಾತಿನಲ್ಲಿದ್ದುದೇ.

ಊರಿನ ಕಡತವನ್ನೆಲ್ಲ ಜಾಲಾಡಿದೆ. ಮನೆಯ ಹಲಗೆ ನೋಡಿರಲಿಲ್ಲ.

ಮಾರ್ಚ್ 27

ತಂಗಿಗೆ ಹೇಳಿದೆ. ಎಲ್ಲವನ್ನೂ. ಅವಳು ತಗಡು ಮಡಿಸುತ್ತಿದ್ದವಳು ನಿಲ್ಲಿಸಲಿಲ್ಲ.

“ಏಳು ದಿನ ಇಟ್ಕೊಂಡಿದ್ರಾ?”

“ಹೂಂ.”

“ನಾನು ಏಳು ದಿನದಿಂದ ಒಳಗೆ ಕೆಲಸ ಮಾಡೋ ನಾಲ್ಕು ಜನಕ್ಕೆ ಏನು ಹೇಳಿ ಕಳಿಸೋದು ಅಂತ ನಿದ್ದೆಗೆಟ್ಟಿದ್ದೀನಿ. ನೀವು ಉತ್ತರಾನ ಪುಸ್ತಕದೊಳಗೆ ಇಟ್ಕೊಂಡು ಕೂತಿದ್ರಿ.”

ಇದಕ್ಕೆ ಬೈಗುಳವೂ ಸಾಲದು ಅನಿಸಿತು ನನಗೆ. ಆದರೆ ಅವಳು ಬೈಯಲಿಲ್ಲ. ಇನ್ನೊಂದು ತಗಡು ಮಡಿಸಿ, “ನೂರು ಮೂತಿ ಹಾಳು ಮಾಡಿದ್ನಂತಾ ಅಪ್ಪ? ನನಗೆ ಒಂದು ಹಾಳಾದ್ರೂ ಬೈತಿದ್ದ!” ಎಂದು ನಗತೊಡಗಿದಳು. ನಗುತ್ತಾ ಕಣ್ಣೊರೆಸಿಕೊಂಡಳು.

ಸಂಜೆ ವಕೀಲೆ. ಅಫಿಡವಿಟ್ ಬಗ್ಗೆ ನಾನೇ ಮೊದಲು ಬಾಯಿಬಿಟ್ಟೆ. “ತಿದ್ದುಪಡಿ ಹಾಕೋಣ. ಆದ್ರೆ ಕೋರ್ಟಲ್ಲಿ ನಿಂತು ನೀವೇ ಹೇಳ್ಬೇಕಾಗ್ಬಹುದು ಸರ್. ನಿಮ್ಮನ್ನ ಹಿಂಡ್ತಾರೆ.” ಮೂವತ್ತಾರು ವರ್ಷ ಬೇರೆಯವರ ತಪ್ಪೊಪ್ಪಿಗೆಯ ಚೌಕವನ್ನು ಪತ್ರಿಕೆಯ ಮೂಲೆಯಲ್ಲಿ ಜೋಡಿಸಿದವನು ನಾನು. ಒಮ್ಮೆ ನನ್ನದೂ ಬರಲಿ ಎಂದೆ.

ಅವಳಿಗೆ ಒಂದೇ ಚಿಂತೆ. ಆ ಹಳೆಯ ಪೇಟೆಂಟಿನ ಮೂಲ ಕಾಗದ ಬೇಕು. ಕಂಪನಿಯ ಅರ್ಜಿ ಬಂದಾಗ ಪರೀಕ್ಷಕರು ಕಂಪ್ಯೂಟರಿನಲ್ಲಿ ಹುಡುಕಿದ್ದಾರೆ. ಆ ಕಾಲದ ಕಡತಗಳು ಕಂಪ್ಯೂಟರಿಗೆ ಏರಿಲ್ಲ. ಇಷ್ಟು ಸಣ್ಣ ಸಂಗತಿ. ಇದರಿಂದ ನಾಲ್ಕು ಸಂಸಾರ ಬೀದಿಗೆ ಬರುತ್ತಿತ್ತು!

ಏಪ್ರಿಲ್ 9, ಸಂಜೆ 5

ಪೇಟೆಂಟ್ ಕಚೇರಿಯ ದಾಖಲೆ ಕೋಣೆ. ನೋಡಿಕೊಳ್ಳುವಾಕೆ ನರೆತ ತಲೆಯ ಹೆಂಗಸು. ಕೈಗೆ ಬಿಳಿ ಗ್ಲೌಸು ಹಾಕಿಕೊಂಡು, ನನಗೂ ಒಂದು ಜೊತೆ ಕೊಟ್ಟಳು. “ಈ ವರ್ಷದ ಕಟ್ಟು ಕೇಳಿಕೊಂಡು ಬಂದೋರು ನೀವೇ ಮೊದಲು. ಇಪ್ಪತ್ತೇಳು ವರ್ಷದಿಂದ ಧೂಳು ಹೊಡೀತಾ ಇದೀನಿ, ಯಾರಾದ್ರೂ ಬರ್ತಾರಾ ಅಂತ.”

ಹುರಿ ಬಿಚ್ಚಿದಳು. ಸಂಖ್ಯೆ ಸರಿಹೋಯಿತು. ಎರಡೇ ಹಾಳೆ. ಒಂದರಲ್ಲಿ ಚಿತ್ರ. ಇನ್ನೊಂದರಲ್ಲಿ ಗುಮಾಸ್ತರೊಬ್ಬರು ಹೇಳಿಸಿಕೊಂಡು ಬರೆದ ವಿವರ. ನಕಲು ಮಾಡಿಕೊಂಡೆ:

“ನಾನು ದೀಪದ ಎಣ್ಣೆಯ ಮಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಣ್ಣೆ ಅಳೆದು ಕೊಡುವವಳು. ಪ್ರತಿ ಸಲವೂ ಕಡೆಯ ಹನಿ ಮೂತಿಯ ಕೆಳಗಿಳಿದು ನನ್ನ ಕೈಗೆ, ಕೈಯಿಂದ ಬಟ್ಟೆಗೆ ಬರುತ್ತದೆ. ಒಲೆಯ ಹತ್ತಿರ ಹೋಗಲು ನನಗೆ ಭಯ. ಆದ್ದರಿಂದ ಹನಿಯನ್ನು ನೋಡುತ್ತಾ ಬಂದೆ. ಅದು ಎತ್ತ ಹೋಗಲಿ ಎಂದು ಯೋಚಿಸುವ ಜಾಗ ಒಂದಿದೆ. ಆ ಜಾಗದಲ್ಲಿ ತಗ್ಗು ಮಾಡಿದೆ.”

ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಜಿಡ್ಡಿನ ಹೆಬ್ಬೆಟ್ಟು. ಶಾಯಿಯ ಸುತ್ತ ಎಣ್ಣೆ ಹರಡಿ ಕಾಗದ ಇನ್ನೂ ಪಾರದರ್ಶಕವಾಗಿದೆ. ಎಂಬತ್ತೈದು ವರ್ಷ. ಬೆಳಕಿಗೆ ಹಿಡಿದರೆ ಕಿಟಕಿ ಕಾಣುತ್ತದೆ.

ಎಷ್ಟು ಹೊತ್ತು ಕೂತಿದ್ದೆನೋ. ಬದುಕಿಡೀ ಓದಿದೆ. ಹನಿ ಯೋಚಿಸುತ್ತದೆ ಎಂದು ಯಾವ ಗ್ರಂಥವೂ ನನಗೆ ಹೇಳಿರಲಿಲ್ಲ. ಓದಲು ಬಾರದವಳು ಕಂಡಳು.

ಕೊನೆಯಲ್ಲಿ ಸರ್ಕಾರದ ಒಕ್ಕಣೆ: ಹದಿನಾರು ವರ್ಷ ಇದು ಇವಳದು, ಬಳಿಕ ಈ ವಿದ್ಯೆ ಸರ್ವರಿಗೂ ಸೇರತಕ್ಕದ್ದು. ಲೆಕ್ಕ ಹಾಕಿದೆ. ಅವಧಿ ಮುಗಿದದ್ದು ನಾನು ಹುಟ್ಟಿದ ವರ್ಷ. ಅಪ್ಪ ಸುತ್ತಿಗೆ ಎತ್ತುವ ಹೊತ್ತಿಗೆ ಅದು ಅಪ್ಪನದೂ ಆಗಿತ್ತು. ದಾರಿಹೋಕನದೂ ಆಗಿತ್ತು.

ಪೇಟೆಂಟ್ ಎಂದರೆ ಉಳ್ಳವರ ಬೇಲಿ ಎಂದು ಸಂಪಾದಕರಿಗೆ ಎಷ್ಟು ಪತ್ರ ಬರೆದಿದ್ದೇನೆ! ಆ ಬೇಲಿಗೆ ಒಂದು ದಿನಾಂಕ ಇರುತ್ತದೆ, ಆ ದಿನ ಬೇಲಿ ತಾನಾಗಿ ಬೀಳುತ್ತದೆ ಎಂಬುದನ್ನು ಒಮ್ಮೆಯೂ ಬರೆಯಲಿಲ್ಲ. ಯಾರೂ ಡೋಲು ಬಾರಿಸದೆ, ಒಂದು ಬೆಳಿಗ್ಗೆ, ಅವಳ ತಗ್ಗು ಲೋಕದ ಪಾಲಾಯಿತು. ಲೋಕಕ್ಕೆ ಗೊತ್ತೂ ಆಗಲಿಲ್ಲ. ಕೋಪ ಹೋಗಿಲ್ಲ. ಕಂಪನಿಯ ಮೇಲಿನ ಕೋಪ ಇಮ್ಮಡಿಯಾಗಿದೆ. ಅವರು ಕಿತ್ತುಕೊಂಡದ್ದು ಅಪ್ಪನಿಂದಲ್ಲ, ಎಲ್ಲರಿಂದ.

ಏಪ್ರಿಲ್ 22, ಸಂಜೆ 6.30

ಕೋರ್ಟಿನಿಂದ ಈಗ ಬಂದೆ. ಕ್ರಮವಾಗಿ ಬರೆಯಬೇಕು.

ಮೊದಲು ನನ್ನನ್ನೇ ಕರೆದರು. ಕಂಪನಿಯ ವಕೀಲರು ಕನ್ನಡಕ ಒರೆಸುತ್ತಾ, “ಮೊದಲು ನಮ್ಮಪ್ಪ ಅಂದ್ರಿ. ಈಗ ಯಾರೋ ಎಣ್ಣೆ ಅಳೆಯೋ ಹೆಂಗಸು ಅಂತೀರಿ. ನಾಳೆ ಯಾರು?” ಎಂದರು.

“ನಾಳೆ ಅವಳಿಗಿಂತ ಹಳಬರು ಸಿಕ್ಕಿದ್ರೆ ಅವರನ್ನೇ ಹೇಳ್ತೀನಿ ಸ್ವಾಮಿ. ನಾನು ತಪ್ಪು ಬರೆದಿದ್ದೆ. ‘ಯಾರೂ’ ಅಂತ ಬರೆಯೋ ಅಧಿಕಾರ ನನಗಿರಲಿಲ್ಲ. ನಿಮ್ಮ ಕಕ್ಷಿದಾರರೂ ಅದನ್ನೇ ಬರೆದಿದ್ದಾರೆ. ನಾನು ಹೊಡೆದುಹಾಕಿದ್ದೀನಿ. ಅವರೂ ಹೊಡೆದುಹಾಕಲಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬೆಸುಗೆಜ್ಜನೇ ಇರಬೇಕು.

ಆಮೇಲೆ ವಕೀಲೆ ಎರಡು ಹಾಳೆಯ ದೃಢೀಕೃತ ಪ್ರತಿ ಇಟ್ಟಳು. ಪಕ್ಕದಲ್ಲಿ ರಿವೆಟ್ ಡಬ್ಬಿ. ತಂಗಿ ಅದರ ತೂತು ಮುಚ್ಚಿ, ಮಸಿ ಮಾತ್ರ ಉಜ್ಜದೆ ಬಿಟ್ಟಿದ್ದಳು. ನ್ಯಾಯಾಧೀಶೆ ಹಿತ್ತಾಳೆಯ ಸಂಖ್ಯೆ ಓದಿದರು, ಹಾಳೆಯ ಸಂಖ್ಯೆ ಓದಿದರು. “ಇದು ಇನ್ನೂ ಕೆಲಸ ಮಾಡುತ್ತಾ?” ಎಂದರು.

ಎಣ್ಣೆ ತಂದಿದ್ದೆವು. ತಂಗಿಯೇ ಸುರಿದಳು, ಲೋಟಕ್ಕೆ. ಡಬ್ಬಿ ನೆಟ್ಟಗೆ ಮಾಡಿದಳು. ಹನಿ ತುದಿಯಲ್ಲಿ ನಿಂತಿತು. ನ್ಯಾಯಾಧೀಶೆ ಮುಂದಕ್ಕೆ ಬಾಗಿದರು. ಟೈಪಿಸ್ಟ್ ಕೈ ನಿಲ್ಲಿಸಿದ. ಕಂಪನಿಯ ವಕೀಲರೂ ಬಾಗಿದರು, ತಾವು ಯಾರ ಪರ ಎಂಬುದು ಮರೆತು. ಇಡೀ ಕೋಣೆ ಒಂದು ಹನಿಗೆ ತಲೆಬಾಗಿತ್ತು. ಅದು ಯೋಚಿಸಿತು. ಹಿಂದಕ್ಕೆ ಜಾರಿ ಒಳಗೆ ಹೋಯಿತು.

ನ್ಯಾಯಾಧೀಶೆ ಪೆನ್ನು ಎತ್ತಿಕೊಂಡರು.

ಕಂಪನಿಯ ವಕೀಲರು ಅರ್ಧ ಗಂಟೆ ಸಮಯ ಕೇಳಿದರು. ಹೊರಗೆ ಫೋನಿನಲ್ಲಿ ಮಾತಾಡಿ ಬಂದು, ಕೇಸು ಹಿಂದಕ್ಕೆ ಪಡೆಯುತ್ತೇವೆ, ಪೇಟೆಂಟ್ ರದ್ದತಿಗೂ ನಮ್ಮ ತಕರಾರಿಲ್ಲ ಎಂದರು. ಲಿಖಿತ ಆದೇಶ ಶುಕ್ರವಾರ. ತಂಗಿ ನನ್ನ ತೋಳು ಹಿಂಡಿದ ಗುರುತು ಇನ್ನೂ ಇದೆ. ಹೊರಗೆ ಬಂದು ವಕೀಲೆ, “ಈ ಮೂತಿ ತಮ್ಮದು ಅಂತ ಇನ್ನು ಯಾರೂ…” ಎಂದವಳು ನನ್ನ ಮುಖ ನೋಡಿ ತಡೆದು, “ಸದ್ಯಕ್ಕೆ ಯಾರೂ” ಎಂದು ತಿದ್ದಿಕೊಂಡಳು. ಕಲಿಯುತ್ತಾಳೆ.

ಏಪ್ರಿಲ್ 23, ಬೆಳಿಗ್ಗೆ 8

ಪತ್ರಿಕೆಯಲ್ಲಿ ಒಂಬತ್ತು ತಪ್ಪು. ಕೆಳಗೆ ಬಂದು ಅಪ್ಪನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ತಗಡಿನ ಸದ್ದು ಇದೆ. ರಿವೆಟ್ಟುಗಳಿಗೆ ಬೇರೆ ಡಬ್ಬಿ ಆಗಿದೆ. ಹಳೆಯದು ನನ್ನ ಮುಂದೆ, ಎಣ್ಣೆ ತುಂಬಿಕೊಂಡು. ತಂಗಿ, “ಬಾಗಿಲ ಕೀಲು ಕಿರುಗುಡ್ತಾ ಇದೆ, ಎರಡು ಹನಿ ಬಿಡಿ ಅಣ್ಣಾ, ಬರೀ ಬರೀತಾ ಕೂರಬೇಡಿ” ಎಂದು ಹೋದಳು.

ಕೀಲಿಗೆ ಎರಡು ಹನಿ ಬಿಟ್ಟೆ. ಎಡಗೈಯಲ್ಲಿ ಡಬ್ಬಿ ಇನ್ನೂ ಹಿಡಿದಿದ್ದೇನೆ. ಬಲಗೈಯಲ್ಲಿ ಪೆನ್ನು. ಮೂರನೆಯದು ತುದಿಗೆ ಬಂದು ನಿಂತಿದೆ. ಕಿಟಕಿ ತಲೆಕೆಳಗಾಗಿ ಅದರೊಳಗೆ ಕೂತಿದೆ. ಯೋಚಿಸುತ್ತಿದೆ. ನಾನು ಉಸಿರಾಡುತ್ತಿಲ್ಲ. ಬಾಗಿಲಲ್ಲಿ ಯಾರೋ ಕೂಗಿದರು, ಏಳು ವರ್ಷದ ನಾನು ಕಿರುಚಿದ ಹಾಗೆ. ಪೆನ್ನು ಜಾರಿತು.